ಎರಡನೇ ಕುರ್ಚಿ ಯಾಕೆ ಅಂದವರಿಗೆ

ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಸಹಕಾರ ಸಂಘದ ವಾರ್ಷಿಕ ಮಹಾಸಭೆ. ಲಾಭಾಂಶದ ಚರ್ಚೆ ಮುಗಿದು ಎಲ್ಲರ ಕಿವಿ ಊಟದ ಪಾತ್ರೆಗಳ ಸದ್ದಿನ ಕಡೆ ತಿರುಗಿದ್ದಾಗ ನಾನು ಎದ್ದು ನಿಂತು ಒಂದು ನಿರ್ಣಯ ಓದಿದೆ. ವೀಲ್‌ಚೇರ್‌ಗೆ, ಅದರಲ್ಲೂ ಹಳೆಯದು ಕೈಕೊಟ್ಟಾಗ ಬೇಕಾಗುವ ಬದಲಿ ವೀಲ್‌ಚೇರ್‌ಗೆ, ಯಶಸ್ವಿನಿ ಆರೋಗ್ಯ ಯೋಜನೆಯಲ್ಲೂ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲೂ ಹಣ ಸಿಗುವಂತಾಗಲಿ ಎಂದು ಸರ್ಕಾರಕ್ಕೆ ಬರೆಯೋಣ ಎಂಬುದಷ್ಟೇ ಅದರಲ್ಲಿದ್ದದ್ದು. ಒಬ್ಬೊಬ್ಬರು ಒಂದೊಂದು ಥರ ಬೇಡ ಅಂದರು. ಅಧ್ಯಕ್ಷರು ‘ಮುಂದಿನ ವರ್ಷ ನೋಡೋಣ’ ಎಂದರು. ಊಟಕ್ಕೆ ಎದ್ದೆವು.

ಅಲ್ಲಿಂದೀಚೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಶೃಂಗೇರಿಯ ಹೋಟೆಲಿನಲ್ಲಿ, ಎನ್.ಆರ್.ಪುರದ ಮದುವೆಮನೆಯಲ್ಲಿ ಸಿಕ್ಕವರೆಲ್ಲ ಅದೇ ಮಾತುಗಳನ್ನು ತಿರುಗಿಸಿ ಕೇಳುತ್ತಿದ್ದಾರೆ. ನಿಂತಲ್ಲೇ ಉತ್ತರ ಕೊಟ್ಟರೆ ಜಗಳ ಆಗುತ್ತದೆ. ನನಗೆ ಮೊದಲೇ ಗಂಟಲು ದೊಡ್ಡದು, ಮೂವತ್ತು ವರ್ಷ ಪಾಠ ಹೇಳಿದ್ದರ ಫಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನಾನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಣಯ ಬರೆದೆ ಎಂಬುದು ಸಭೆಯಲ್ಲಿದ್ದವರಿಗೆಲ್ಲ ಗೊತ್ತು. ನಮ್ಮ ಸುತ್ತಿನ ಹತ್ತಾರು ತೋಟಗಳಲ್ಲಿ ಕೊನೆ ತೆಗೆಯುತ್ತಿದ್ದವನು. ಆರು ವರ್ಷದ ಹಿಂದಿನ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಕಾಲಿಗೆ ತಳೆ ಹಾಕಿ ಹತ್ತಿದವನು ಪಾಚಿ ಕಟ್ಟಿದ ಮರದಿಂದ ಜಾರಿದ. ಬೆನ್ನುಮೂಳೆ ಮುರಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗ ಅವನಿಗೆ ಮೂವತ್ತನಾಲ್ಕು. ಅವನ ಹೆಸರು ಬರೆಯುವುದಿಲ್ಲ. ನಮ್ಮ ಮೂರು ತಾಲ್ಲೂಕಿನಲ್ಲಿ ಅವನೊಬ್ಬನೇ ಅಲ್ಲ.

ಇನ್ನು ಆಕ್ಷೇಪಗಳು.

ಮೊದಲನೆಯದು ಸಂಘದಲ್ಲಿ ವರ್ಷಗಟ್ಟಲೆ ಯಶಸ್ವಿನಿ ಅರ್ಜಿ ತುಂಬಿಸಿದವರದ್ದೇ: ‘ಮೇಷ್ಟ್ರೇ, ವಿಮೆ ಇರೋದು ಕಾಯಿಲೆಗೆ, ಆಪರೇಷನ್ನಿಗೆ. ಕುರ್ಚಿ ಒಂದು ಸಾಮಾನು. ನಾಳೆ ಮಂಚಕ್ಕೂ ಕೇಳ್ತೀರಾ?’

ಮಾತು ಬರೀ ಇವರದ್ದಲ್ಲ, ದೇಶದ ವಿಮಾ ವ್ಯವಸ್ಥೆಯದ್ದೇ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಒಂದು ಪಟ್ಟಿಯಿದೆ. ಆರೋಗ್ಯ ಪಾಲಿಸಿಯಲ್ಲಿ ಸಾಮಾನ್ಯವಾಗಿ ಹಣ ಸಿಗದ 68 ಬಾಬ್ತುಗಳು ಅದರಲ್ಲಿವೆ. ಮಗುವಿನ ಆಹಾರ, ಸೌಂದರ್ಯ ಸೇವೆ, ಬಟ್ಟೆ ಒಗೆಸಿದ್ದು, ಮಿನರಲ್ ವಾಟರ್, ಫೋನು, ಟಿವಿ. ಇವುಗಳ ಸಾಲಿನಲ್ಲೇ 34ನೆಯದಾಗಿ ನಡಿಗೆ ಸಾಧನಗಳ ಖರ್ಚು ಕೂತಿದೆ. ಇದರ ಮೇಲೆ, ದೇಹದ ಹೊರಗೆ ಬಳಸುವ ಬಾಳಿಕೆಯ ಉಪಕರಣಕ್ಕೆ ದುಡ್ಡಿಲ್ಲ ಎಂಬ ಸಾಲು ಬಹುತೇಕ ಪಾಲಿಸಿಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

‘ದೇಹದ ಹೊರಗೆ’ ಎಂಬ ಮಾತನ್ನು ಗಮನಿಸಿ. ಎದೆಯೊಳಗೆ ಕೂರಿಸುವ ಪೇಸ್‌ಮೇಕರ್ ಸಾಮಾನಲ್ಲವೇ? ಸ್ಟೆಂಟ್? ಮಂಡಿಗೆ ಹಾಕುವ ಲೋಹದ ಚಿಪ್ಪು? ಇವೆಲ್ಲ ಕಾರ್ಖಾನೆಯಲ್ಲಿ ಆದವೇ, ಬೆಲೆಪಟ್ಟಿ ಇರುವವೇ. ಇವಕ್ಕೆ ಹಣ ಸಿಗುತ್ತದೆ. ಮಂಡಿ ಸವೆದವರು ನಡೆಯಲಿ ಎಂದು ಲೋಹಕ್ಕೆ ಕೊಡುವ ವಿಮೆ, ಬೆನ್ನುಮೂಳೆ ಮುರಿದವನು ಬಚ್ಚಲಿಗೆ ಹೋಗಲಿ ಎಂದು ಚಕ್ರಕ್ಕೆ ಕೊಡುವುದಿಲ್ಲ. ಒಂದು ಚರ್ಮದೊಳಗಿದೆ, ಇನ್ನೊಂದು ಹೊರಗಿದೆ ಎಂಬುದಷ್ಟೇ ನನಗೆ ಕಾಣುವ ವ್ಯತ್ಯಾಸ. ಮಂಚದ ಮಾತಿಗೆ ಉತ್ತರವೂ ಇದರಲ್ಲೇ ಇದೆ. ಮಂಚವಿಲ್ಲದಿದ್ದರೆ ನೀವು ಚಾಪೆಯ ಮೇಲೆ ಮಲಗುತ್ತೀರಿ. ಕುರ್ಚಿಯಿಲ್ಲದಿದ್ದರೆ ಅವನು ಎಲ್ಲಿಗೂ ಹೋಗುವುದಿಲ್ಲ.

ಲೆಕ್ಕದ ವಿಷಯವೂ ಒಂದಿದೆ. ಅವನ ಮೊದಲ ಕುರ್ಚಿಯ ರೆಕ್ಸಿನ್ ಸೀಟು ಜೋತುಬಿದ್ದಿತ್ತು, ಕುಶನ್ ಹಪ್ಪಳವಾಗಿತ್ತು. ಸ್ಪರ್ಶವಿಲ್ಲದ ಮೈ. ಒತ್ತುತ್ತಿರುವುದು ತಿಳಿಯುವುದಿಲ್ಲ, ಸರಿದು ಕೂರಬೇಕೆಂದು ಅನ್ನಿಸುವುದೂ ಇಲ್ಲ. ಕುಂಡೆಯ ಮೇಲೆ ಒತ್ತಡದ ಹುಣ್ಣಾಯಿತು. ಹೆಂಡತಿ ವಾಸನೆಯಿಂದ ಕಂಡುಹಿಡಿಯುವ ಹೊತ್ತಿಗೆ ಅದು ಮೂಳೆಯ ಹತ್ತಿರ ಹೋಗಿತ್ತು. ಘಟ್ಟ ಇಳಿದು ದೊಡ್ಡ ಆಸ್ಪತ್ರೆ ಸೇರಿದ, ವಾರಗಟ್ಟಲೆ ಬೋರಲು ಮಲಗಿದ. ಒತ್ತಡದ ಹುಣ್ಣಿನ ಶಸ್ತ್ರಚಿಕಿತ್ಸೆ ಆಯುಷ್ಮಾನ್ ಪಟ್ಟಿಯಲ್ಲಿದೆ, ಹಾಗಾಗಿ ಅದಕ್ಕೆ ಕಾರ್ಡು ನಡೆಯಿತು, ನಡೆದದ್ದು ಒಳ್ಳೆಯದೇ ಆಯಿತು. ವಾಪಸ್ ಬಂದು ಕೂತದ್ದು ಮಾತ್ರ ಅದೇ ಜೋತುಬಿದ್ದ ಸೀಟಿನ ಮೇಲೆ. ಹುಣ್ಣಿಗೆ ಕೊಡುತ್ತೇವೆ, ಹುಣ್ಣು ಮಾಡುವ ಕುರ್ಚಿಯನ್ನು ಬದಲಿಸಲು ಕೊಡುವುದಿಲ್ಲ ಎಂಬ ಲೆಕ್ಕವನ್ನು ನಮ್ಮ ಸಂಘದ ಆಡಿಟರ್ ಒಪ್ಪುತ್ತಾರಾ?

ಎರಡನೆಯ ಆಕ್ಷೇಪ: ‘ಸರ್ಕಾರ ಕ್ಯಾಂಪಿನಲ್ಲಿ ಪುಕ್ಕಟೆ ಕೊಡ್ತದಲ್ಲ, ಮತ್ತೆಂತಕ್ಕೆ ವಿಮೆ?’

ಕೊಡುತ್ತದೆ, ಸುಳ್ಳಲ್ಲ. ಕೇಂದ್ರದ ಎಡಿಪ್ ಯೋಜನೆ 1981ರಿಂದ ಇದೆ. ಕಾನ್ಪುರದ ಅಲಿಮ್ಕೋ ತಯಾರಿಸಿದ ಕುರ್ಚಿ, ಟ್ರೈಸಿಕಲ್, ಶ್ರವಣಯಂತ್ರ ನಮ್ಮ ತಾಲ್ಲೂಕುಗಳಿಗೂ ಬಂದಿವೆ. ಅವನ ಮೊದಲ ಕುರ್ಚಿ ಒಂದು ಶಿಬಿರದ್ದೇ. ರಾಜ್ಯದ ವಿಕಲಚೇತನರ ಇಲಾಖೆಯ ಸಾಧನ ಸಲಕರಣೆ ಯೋಜನೆಯೂ ಇದೆ, ಗ್ರಾಮ ಪಂಚಾಯಿತಿಯಲ್ಲಿ ಮೀಸಲಿಡಬೇಕಾದ ಶೇ. 5ರ ಹಣವೂ ಇದೆ. ಇವನ್ನೆಲ್ಲ ಹಳಿಯುವುದು ನನ್ನ ಕೆಲಸವಲ್ಲ.

ಆದರೆ ಶಿಬಿರ ನಡೆಯುವ ಬಗೆ ನೋಡಿ. ಮೊದಲು ಒಂದು ದಿನ ತಪಾಸಣೆ, ಅಳತೆ. ಅದಾಗಿ ಎಷ್ಟೋ ಕಾಲಕ್ಕೆ ಇನ್ನೊಂದು ದಿನ ವಿತರಣೆ, ಅಂದು ಶಾಮಿಯಾನ, ಭಾಷಣ, ಫೋಟೊ. ಕುರ್ಚಿಯ ಮುಂಗಾಲಿಯ ಬೇರಿಂಗ್ ಒಡೆಯುವುದು ಶಿಬಿರದ ದಿನಾಂಕ ನೋಡಿಕೊಂಡಲ್ಲ. ಅದು ಆಷಾಢದಲ್ಲಿ ಒಡೆಯಿತು. ಮುಂದಿನ ಶಿಬಿರ ಯಾವಾಗ ಎಂದು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆಯನ್ನು ಕೇಳಿದರೆ, ಪಾಪ, ಅವರಾದರೂ ಎಲ್ಲಿಂದ ಹೇಳಿಯಾರು? ಆದಾಯದ ಮಿತಿಯೂ ಇದೆ. ಪೂರ್ತಿ ಉಚಿತವಾಗಿ ಬೇಕಾದರೆ ತಿಂಗಳಿಗೆ 22,500 ರೂಪಾಯಿಯೊಳಗೆ ಇರಬೇಕು, 30,000ದವರೆಗೆ ಅರ್ಧ. ಸಾಮಾನ್ಯ ಸಾಧನಕ್ಕೆ ನೆರವಿನ ಮಿತಿ 15,000. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡು 2021ರಲ್ಲಿ ಮಾರುಕಟ್ಟೆಗೆ ಬಂದ, ಮೈಯಳತೆಗೆ ಹೊಂದಿಸಬಹುದಾದ ಕುರ್ಚಿಯ ಬೆಲೆ ಆಗಲೇ ಸುಮಾರು 40,000.

‘ಮೈಯಳತೆ’ ಅಂದಕೂಡಲೇ ನಗಬೇಡಿ. ಆವತ್ತು ಸಭೆಯಲ್ಲಿ ಯಾರೋ ನಕ್ಕರು. ಚಪ್ಪಲಿ ಕೊಳ್ಳುವಾಗ ನಾವು ನಾಲ್ಕು ಜೊತೆ ಹಾಕಿ ನೋಡುತ್ತೇವೆ. ದಿನಕ್ಕೆ ಹನ್ನೆರಡು ತಾಸು ಕೂರುವ ಕುರ್ಚಿ ಒಂದಿಂಚು ಅಗಲವಾದರೂ ಬೆನ್ನು ಒಂದು ಕಡೆ ವಾಲುತ್ತದೆ, ಪಾದದ ಹಲಗೆ ತಗ್ಗಿದರೆ ಕಾಲು ಜಾರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ, ಅದೂ ನಮ್ಮಂಥ ಕಡಿಮೆ ಸವಲತ್ತಿನ ಊರುಗಳಿಗೆಂದೇ, ವೀಲ್‌ಚೇರ್ ಕೊಡುವ ಕ್ರಮವನ್ನು ಎಂಟು ಹಂತವಾಗಿ ಬರೆದಿಟ್ಟಿದೆ. ಅಳತೆ, ಹೊಂದಾಣಿಕೆ, ಬಳಸಲು ಕಲಿಸುವುದು, ಆಮೇಲಿನ ರಿಪೇರಿ ಎಲ್ಲ ಅದರಲ್ಲಿವೆ. ಬೆಂಗಳೂರಿನಲ್ಲಿ 1959ರಲ್ಲಿ ಹುಟ್ಟಿದ ಎಪಿಡಿ, 1994ರಲ್ಲಿ ಹುಟ್ಟಿದ ಮೊಬಿಲಿಟಿ ಇಂಡಿಯಾ ಈ ಕೆಲಸ ಬಲ್ಲ ಸಂಸ್ಥೆಗಳು. ಅಲ್ಲಿಗೆ ಹೋಗಿ ಅಳತೆ ಕೊಟ್ಟು ಸರಿಯಾದ ಕುರ್ಚಿ ತರೋಣ ಅಂದರೆ ಬಿಲ್ಲು ಯಾರು ಕೊಡಬೇಕು ಎಂಬಲ್ಲಿಗೆ ಮಾತು ಮತ್ತೆ ವಿಮೆಗೇ ಬಂದು ನಿಲ್ಲುತ್ತದೆ.

ಮೂರನೆಯದು ನನಗೆ ನಿಜವಾಗಿ ಬೇಜಾರು ತಂದದ್ದು. ಮುಂದಿನ ಸಾಲಿನಲ್ಲಿ ಕೂತ ಹಿರಿಯರು, ಇಪ್ಪತ್ತು ಎಕರೆಯವರು, ಕೇಳಿದರು: ‘ಒಂದು ಸಲ ಕೊಟ್ಟಾಗಿದೆಯಲ್ಲ ಮಾರಾಯ್ರೆ. ಕಬ್ಬಿಣದ್ದು, ಅದೆಂತ ಸವೆಯುತ್ತದೆ?’

ಅಣ್ಣಾ, ನಿಮ್ಮ ಮನೆಯ ಔಷಧಿ ಹೊಡೆಯುವ ಪಂಪು ಎಷ್ಟು ವರ್ಷ ಬಂತು? ಜೀಪಿನ ತಳ ಎಷ್ಟು ಸಲ ವೆಲ್ಡ್ ಮಾಡಿಸಿದಿರಿ? ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮಲ್ಲಿ ಗೋಡೆಗೇ ಬೂಸ್ಟು ಹಿಡಿಯುತ್ತದೆ, ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಹಿಡಿಯುತ್ತದೆ. ಆಸ್ಪತ್ರೆಯ ಟೈಲ್ಸ್ ನೆಲದ ಮೇಲೆ ಉರುಳಲೆಂದು ಮಾಡಿದ ಕುರ್ಚಿ ಅದು. ಅವನ ಮನೆಯಲ್ಲಿ ಅದು ಜಗಲಿಯಿಂದ ಹಲಗೆ ಮೇಲೆ ಇಳಿಯಬೇಕು, ಜಂಬಿಟ್ಟಿಗೆ ಹಾಸಿದ ಅಂಗಳ ದಾಟಬೇಕು, ಅಡಿಕೆ ಹರವಿದ ಕಾಲದಲ್ಲಿ ಅಂಚಿನಲ್ಲಿ ನುಸುಳಬೇಕು, ಉಣುಗೋಲಿನ ಹತ್ತಿರ ಇಬ್ಬರು ಎತ್ತಿ ದಾಟಿಸಬೇಕು. ಆಚೆ ಕೆಸರು, ಅದರಾಚೆ ಕಾಲುಸಂಕ. ಸಂಕದ ಮೇಲೆ ಕುರ್ಚಿ ಹೋಗುವುದೇ ಇಲ್ಲ. ಅವನನ್ನು ಒಬ್ಬ ಹೊರುತ್ತಾನೆ, ಕುರ್ಚಿಯನ್ನು ಇನ್ನೊಬ್ಬ. ಒಂದು ಮಳೆಗಾಲಕ್ಕೆ ಮುಂಗಾಲಿಯ ಬೇರಿಂಗ್ ತುಕ್ಕು ಹಿಡಿಯಿತು. ಎರಡನೆಯದಕ್ಕೆ ಬ್ರೇಕು ನಿಲ್ಲದಾಯಿತು. ಮೂರನೆಯದಕ್ಕೆ ಮಡಚುವ ಕೀಲಿನಲ್ಲಿ ಚೌಕಟ್ಟೇ ಬಿರಿಯಿತು. ಅದಕ್ಕೊಂದು ನೈಲಾನ್ ಹಗ್ಗ ಸುತ್ತಿ ಮತ್ತೆ ಒಂದೂವರೆ ವರ್ಷ ದೂಡಿದ. ‘ಸೈಕಲ್ ಶಾಪಿನವ ಹಿಂದಿನ ಚಕ್ರಕ್ಕೆ ಟಯರ್ ಹಾಕಿ ಕೊಡ್ತಾನೆ ಮೇಷ್ಟ್ರೇ, ಮುಂದಿನ ಪುಟ್ಟ ಚಕ್ರ ನೋಡಿ ಇದೆಂತದು ಅಂತಾನೆ’ ಅಂದ ನನ್ನ ಹತ್ತಿರ. ಈಗ ಆ ಸೈಕಲ್ ಶಾಪೂ ಮುಚ್ಚಿದೆ, ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಕುರ್ಚಿ ಸವೆಯುತ್ತದೆ ಎಂಬುದಕ್ಕೆ ನನ್ನ ಸಾಕ್ಷಿ ಬೇಡ. ಮೇಲೆ ಹೇಳಿದ ಎಡಿಪ್ ಯೋಜನೆಯ ನಿಯಮವನ್ನೇ ನೋಡಿ. ಕಳೆದ ಮೂರು ವರ್ಷದಲ್ಲಿ ಅದೇ ಉದ್ದೇಶಕ್ಕೆ ನೆರವು ಪಡೆದಿರಬಾರದು. ಹನ್ನೆರಡರೊಳಗಿನ ಮಕ್ಕಳಿಗೆ ಒಂದೇ ವರ್ಷ, ಯಾಕೆಂದರೆ ಅವರು ಬೆಳೆಯುತ್ತಾರೆ. ಅಂದರೆ ಮೂರು ವರ್ಷವಾದ ಮೇಲೆ ಮತ್ತೆ ಬೇಕಾದೀತು ಎಂದು ಸರ್ಕಾರವೇ ಒಪ್ಪಿ ಬರೆದಿದೆ. ಅಮೆರಿಕದ ಮೆಡಿಕೇರ್ ಇಂಥ ಉಪಕರಣಕ್ಕೆ ಐದು ವರ್ಷದ ಆಯುಷ್ಯ ಲೆಕ್ಕ ಹಾಕುತ್ತದೆ, ಆಮೇಲೆ ಬದಲಿಗೆ ದಾರಿಯಿದೆ. ಜರ್ಮನಿಯ ಆರೋಗ್ಯ ವಿಮಾ ಕಾನೂನು ಸಾಧನ ಕೊಡುವುದರ ಜತೆಗೇ ಅದರ ದುರಸ್ತಿಯನ್ನೂ ಬದಲಿಯನ್ನೂ ಸೇರಿಸಿದೆ. ಅವು ದುಡ್ಡಿರುವ ದೇಶಗಳು ಅನ್ನುತ್ತೀರಿ. ಸರಿ, ನಮ್ಮದೇ ಸುಪ್ರೀಂ ಕೋರ್ಟಿಗೆ ಬರೋಣ. 2022ರ ಡಿಸೆಂಬರ್‌ನಲ್ಲಿ, ಬಸ್ ಅಪಘಾತದಲ್ಲಿ ಕಾಲು ಕಳೆದುಕೊಂಡವರೊಬ್ಬರ ಪರಿಹಾರದ ಪ್ರಕರಣದಲ್ಲಿ ನ್ಯಾಯಾಲಯ ಲೆಕ್ಕ ಬಿಡಿಸಿತು: ಕೃತಕ ಕಾಲಿನ ಬಾಳಿಕೆ ಐದಾರು ವರ್ಷ, ನಡುವೆ ರಿಪೇರಿ ಬೇರೆ, ಕೆಳಗಿನ ಕೋರ್ಟು ಕೊಟ್ಟ ಹಣ ಹದಿನೈದು ವರ್ಷಕ್ಕಷ್ಟೇ ಸಾಕು, ಅಪಘಾತವಾದಾಗ ಅವರಿಗೆ 37, ಮುಂದೆ ಇಡೀ ಬದುಕಿದೆ. ಹೀಗೆಂದು ಪರಿಹಾರ ಹೆಚ್ಚಿಸಿತು. ರಸ್ತೆಯಲ್ಲಿ ಬಿದ್ದವನಿಗೆ ನ್ಯಾಯಾಲಯ ಒಪ್ಪಿದ ಈ ಲೆಕ್ಕ ಮರದಿಂದ ಬಿದ್ದವನಿಗೆ ಬೇರೆಯಾಗಲು ಕಾರಣ ನನಗಂತೂ ಹೊಳೆಯುತ್ತಿಲ್ಲ.

ನಾಲ್ಕನೆಯ ಆಕ್ಷೇಪಕ್ಕೆ ತೂಕವಿದೆ. ‘ಎಲ್ಲ ಸೇರಿಸುತ್ತ ಹೋದರೆ ಪ್ರೀಮಿಯಂ ಏರುತ್ತದೆ, ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಮೇಲಾಗಿ ಕುರ್ಚಿ ತಗೊಂಡು ಮಾರಿಬಿಡ್ತಾರೆ.’ ಯಶಸ್ವಿನಿ 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಶುರುವಾದದ್ದನ್ನು ಕಂಡವರು ನಾವು. ನಿಧಿ ಬರಿದಾಗುವ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಆದರೂ ಒಂದು ಅಂದಾಜು ಮಾಡಿ. ಗ್ರಾಮಾಂತರದ ನಾಲ್ಕು ಜನರ ಕುಟುಂಬ ಯಶಸ್ವಿನಿಗೆ ವರ್ಷಕ್ಕೆ ಕಟ್ಟುವುದು 500 ರೂಪಾಯಿ. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಗೆಯ ಚಿಕಿತ್ಸೆಗಳಿವೆ. ಹೃದಯದ ಆಪರೇಷನ್ ಬೇಕಾಗುವವರು ನಮ್ಮ ಊರಿನಲ್ಲಿ ಎಷ್ಟು, ವೀಲ್‌ಚೇರ್ ಬೇಕಾಗುವವರು ಎಷ್ಟು, ಬೆರಳು ಮಡಚಿ ಎಣಿಸಿ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ, ವೈದ್ಯರ ಚೀಟಿಯ ಮೇಲೆ, ಮಿತಿ ಹಾಕಿ ಕೊಟ್ಟರೆ ನಿಧಿ ಮುಳುಗುವುದಿಲ್ಲ. ಖಾಸಗಿಯವರೇ ಇದನ್ನು ತೋರಿಸಿಕೊಟ್ಟಿದ್ದಾರೆ: ಆ 68 ಬಾಬ್ತುಗಳಿಗೂ ಹೆಚ್ಚುವರಿ ಪ್ರೀಮಿಯಂ ಪಡೆದು ಹಣ ಕೊಡುವ ಕಂಪನಿಗಳಿವೆ, ಆದರೆ ಆಸ್ಪತ್ರೆಗೆ ದಾಖಲಾದಾಗಿನ ಬಿಲ್ಲಿಗಷ್ಟೇ. ಒಂದೆರಡು ದುಬಾರಿ ಪಾಲಿಸಿಗಳಲ್ಲಿ ವೀಲ್‌ಚೇರ್ ಸೇರಿದ ಉಪಕರಣ ರಕ್ಷಣೆಯೂ ಕಾಣಿಸಿಕೊಂಡಿದೆ. ಅಂದರೆ ವಿಮೆಯ ಗಣಿತಕ್ಕೆ ಇದು ಅಸಾಧ್ಯವೇನಲ್ಲ. ಕೊನೆ ತೆಗೆಯುವವನ ಕೈಗೆಟುಕುವ ಪಾಲಿಸಿಯಲ್ಲಿ ಅದು ಇಲ್ಲ, ಅಷ್ಟೇ. ಮತ್ತೆ ಪ್ರೀಮಿಯಂ ಬಗ್ಗೆ ಇಷ್ಟು ಚಿಂತೆ ಮಾಡುವವರು ವೀಲ್‌ಚೇರ್ ಮೇಲಿನ ಶೇ. 5 ಜಿಎಸ್‌ಟಿ ಬಗ್ಗೆ ಒಂದು ಮಾತೂ ಆಡಲಿಲ್ಲ.

ಇನ್ನೂ ಒಂದು. ನಾವೆಲ್ಲ ವರ್ಷವರ್ಷ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುತ್ತೇವೆ. ಅಡಿಕೆಗೆ, ಕಾಳುಮೆಣಸಿಗೆ. ವಿಮಾ ಮೊತ್ತದ ಶೇ. 5 ನಮ್ಮ ಪಾಲು, ಮಿಕ್ಕದ್ದು ಸರ್ಕಾರಗಳದ್ದು. ಮಳೆ ಹೆಚ್ಚಾದರೆ ಕೊಳೆ ಬರುತ್ತದೆಂದು ಪಂಚಾಯಿತಿಯ ಮಳೆಮಾಪಕ ನೋಡಿ ಹಣ ಬರುತ್ತದೆ. ಬರಲಿಲ್ಲವೆಂದರೆ ನಾವೇ ತಾಲ್ಲೂಕು ಕಚೇರಿ ಮುಂದೆ ಕೂರುತ್ತೇವೆ, ನಾನೂ ಕೂತಿದ್ದೇನೆ. ಅದೇ ಮಳೆಯಲ್ಲಿ, ಅದೇ ಕೊಳೆಗೆ ಔಷಧಿ ಹೊಡೆಯಲು ಹೋಗಿ, ಅದೇ ಮರದಿಂದ ಬಿದ್ದವನ ಕುರ್ಚಿಯ ವಿಷಯ ಬಂದಾಗ ಮಾತ್ರ ನಮಗೆ ನಿಧಿಯ ಆರೋಗ್ಯ ನೆನಪಾಯಿತು.

ಮಾರಿಬಿಡುತ್ತಾರೆ ಅನ್ನುವವರಿಗೆ: ಬೀಪಿ ಮಾತ್ರೆ ಮಾರುವವರೂ ಇರಬಹುದು, ಅದಕ್ಕೆ ಮಾತ್ರೆ ಕೊಡುವುದು ನಿಲ್ಲಿಸಿದ್ದೇವೆಯೇ? ಹಳೆಯ ಕುರ್ಚಿ ವಾಪಸ್ ಪಡೆದು ಹೊಸದು ಕೊಡಿ, ವಿಕಲಚೇತನರ ಯುಡಿಐಡಿ ಕಾರ್ಡಿನ ಸಂಖ್ಯೆಗೆ ಜೋಡಿಸಿ. ಇದು ಗ್ಯಾಸ್ ಸಿಲಿಂಡರ್ ಬದಲಿಸುವಷ್ಟೇ ಸುಲಭ.

ಐದನೆಯದನ್ನು ನೇರವಾಗಿ ಯಾರೂ ಹೇಳಲಿಲ್ಲ, ಗೊಣಗಿದರು: ‘ಅವನೇ ಮೊದಲೇ ಅಪಘಾತ ವಿಮೆ ಮಾಡಿಸಿಕೊಳ್ಳಬೇಕಿತ್ತು.’ ಮಾಡಿಸಿದ್ದ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಅವನ ಖಾತೆಯಿಂದ 12 ರೂಪಾಯಿ ಹೋಗಿತ್ತು. 2022ರ ಜೂನ್‌ನಿಂದ ಅದು 20 ರೂಪಾಯಿ. ಎರಡೂ ಕಾಲಿನ ಸ್ವಾಧೀನ ಶಾಶ್ವತವಾಗಿ ಹೋದದ್ದರಿಂದ 2 ಲಕ್ಷ ಬಂತು. ಆಸ್ಪತ್ರೆಯ ಓಡಾಟ, ಫಿಸಿಯೋಥೆರಪಿ, ಬಚ್ಚಲಿನ ಬಾಗಿಲು ಅಗಲ ಮಾಡಿಸಿದ್ದು, ಒಂದು ವರ್ಷ ಕೂಲಿಯಿಲ್ಲದ ಮನೆಯ ಅಕ್ಕಿ. ಮುಗಿಯಿತು. ಒಂದೇ ಸಲ ಬರುವ ಹಣ ಆರು ವರ್ಷದ ನಂತರದ ಕುರ್ಚಿಗೆ ಕಾದು ಕೂರುವುದಿಲ್ಲ. (ಓದುತ್ತಿರುವವರಲ್ಲಿ ಮರ ಹತ್ತುವವರು, ಹತ್ತಿಸುವವರು ಇದ್ದರೆ ದಯವಿಟ್ಟು ಪಾಸ್‌ಬುಕ್ ತೆಗೆದು ಮೇ ಕೊನೆಯಲ್ಲಿ ಆ 20 ರೂಪಾಯಿ ಕಡಿತವಾಗಿದೆಯೇ ನೋಡಿ. 18ರಿಂದ 70 ವರ್ಷದವರಿಗೆ ಅದು ಉಂಟು. ಖಾತೆಯಲ್ಲಿ ಹಣವಿಲ್ಲದೆ ತಪ್ಪಿಹೋಗುತ್ತದೆ.)

‘ಲಯನ್ಸಿನವರು ಕೊಡ್ತಾರೆ, ರೋಟರಿಯವರು ಕೊಡ್ತಾರೆ’ ಎಂದೂ ಒಬ್ಬರು ಸೇರಿಸಿದರು. ಕೊಡುತ್ತಾರೆ, ಪುಣ್ಯವಂತರು. ದಾನಕ್ಕೆ ಕಾಯುವವನು ಕೊಟ್ಟದ್ದನ್ನು ಕೊಟ್ಟ ಅಳತೆಯಲ್ಲಿ ತೆಗೆದುಕೊಳ್ಳಬೇಕು, ಅಷ್ಟೇ ಅದರ ತೊಂದರೆ.

ಕೊನೆಗೆ ವಕೀಲರೊಬ್ಬರು, ‘ಕಾನೂನಿನಲ್ಲಿ ಇಲ್ಲದ್ದನ್ನು ಸಂಘ ಕೇಳುವುದು ಹೇಗೆ?’ ಎಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಂ ಓದಿ ಸ್ವಾಮಿ. ಸರ್ಕಾರ ರೂಪಿಸಬೇಕಾದ ಸಾಮಾಜಿಕ ಭದ್ರತೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ಉಚಿತ ಸಾಧನ ಸಲಕರಣೆ ಒಂದು, ಬೇರೆ ಸರ್ಕಾರಿ ವಿಮೆಯಲ್ಲಿ ಸೇರದ ವಿಕಲಚೇತನರಿಗೆ ಸಮಗ್ರ ವಿಮಾ ಯೋಜನೆ ಇನ್ನೊಂದು. ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಬಾಲವೂ ಇದೆ, ಮುಚ್ಚಿಡುವುದಿಲ್ಲ. ಕಾರ್ಖಾನೆಯ ಕಾರ್ಮಿಕನಿಗೆ ಇಎಸ್ಐ ಈಗಾಗಲೇ ವೀಲ್‌ಚೇರ್ ಕೊಡುತ್ತದೆ. ಅಡಿಕೆ ಮರಕ್ಕೆ ಇಎಸ್ಐ ಇಲ್ಲ. ವೀಲ್‌ಚೇರ್ ಬಳಸುವವರಿಗೆ ಆರೋಗ್ಯ ಪಾಲಿಸಿಯನ್ನೇ ನಿರಾಕರಿಸುತ್ತಿದ್ದ ಕಾಲವೂ ಇತ್ತು. ಅಂಥವರೊಬ್ಬರು ದೆಹಲಿ ಹೈಕೋರ್ಟಿಗೆ ಹೋದರು, 2022ರ ಡಿಸೆಂಬರ್‌ನಲ್ಲಿ ಅವರ ಪರ ಆದೇಶವಾಯಿತು, 2023ರ ಫೆಬ್ರುವರಿಯಲ್ಲಿ ವಿಮಾ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ವಿಕಲಚೇತನರಿಗೆ ಪಾಲಿಸಿ ಇಡಲೇಬೇಕೆಂದು ಸುತ್ತೋಲೆ ಕಳಿಸಿತು. ಒಬ್ಬರು ಕೇಳಿದ್ದಕ್ಕೆ ಅಷ್ಟಾಯಿತು. ಇಲ್ಲಿ ಕೇಳಬೇಕಾದವರು ಸಾವಿರ ಸದಸ್ಯರ ಸಂಘ.

ಈ ಸೆಪ್ಟೆಂಬರ್ 25ರೊಳಗೆ ಮಹಾಸಭೆ ಆಗಲೇಬೇಕು. ನಿರ್ಣಯವನ್ನು ಮತ್ತೆ ಕಾರ್ಯಸೂಚಿಗೆ ಕೊಟ್ಟಿದ್ದೇನೆ, ‘ದುರಸ್ತಿ ಮತ್ತು ಕುಶನ್ ಸಹಿತ’ ಎಂಬ ನಾಲ್ಕು ಪದ ಸೇರಿಸಿ. ಈ ಸಲ ಓದುವವನು ನಾನಲ್ಲ, ಅವನೇ, ಒಪ್ಪಿದ್ದಾನೆ. ಆದರೆ ನಮ್ಮ ಸಭಾಂಗಣ ಮಹಡಿಯ ಮೇಲಿದೆ, ಹತ್ತೊಂಬತ್ತು ಮೆಟ್ಟಿಲು. ಅಧ್ಯಕ್ಷರಲ್ಲಿ ಮತ್ತು ನಿರ್ದೇಶಕರಲ್ಲಿ ನನ್ನ ವಿನಂತಿ: ಈ ವರ್ಷದ ಸಭೆಯನ್ನು ಕೆಳಗೆ, ಗೊಬ್ಬರದ ಗೋದಾಮಿನಲ್ಲಿ ನಡೆಸಿ.